ಫಾರೆಸ್ಟ್ ಔಲೆಟ್ ನೋಡೋಕೆ ಎಂಥ ಟಾರ್ಚ್ ಒಯ್ಯಬೇಕು?

ಟಾರ್ಚ್ ಮನೆಯಲ್ಲೇ ಬಿಡಿ. ಮಹಾರಾಷ್ಟ್ರದ ಮೇಳಘಾಟ್‌ನಲ್ಲಿ ರಾತ್ರಿ ಸಫಾರಿ ಸಿಗುತ್ತಾ ಅಂತಲೂ ಕೇಳಿದ್ದೀರಿ. ಈ ಪುಟ್ಟ ಗೂಬೆಗೆ ಅದು ಬೇಕೇ ಇಲ್ಲ. ಗೂಬೆ ಅಂದಮೇಲೆ ಕತ್ತಲು ಅಂತ ನಾನೂ ಲೆಕ್ಕ ಹಾಕಿ ಮೂರು ಸಂಜೆ ಹಾಳು ಮಾಡಿಕೊಂಡೆ. ಕೊನೆಗೆ ಟಾರ್ಚ್ ಬೆಳಕಲ್ಲಿ ಸಿಕ್ಕಿದ್ದನ್ನು ಫೋಟೊ ತೆಗೆದು ಪಟ್ಟಿಗೆ ಸೇರಿಸಿದೆ. ಅದು ನಮ್ಮೂರಲ್ಲೂ ಸಿಗುವ ಹಾಲಕ್ಕಿ (ಸ್ಪಾಟೆಡ್ ಔಲೆಟ್)!

ಎಡವಿದ್ದು ಎಲ್ಲಿ ಅಂದರೆ, ಎರಡೂ ಹೆಚ್ಚುಕಮ್ಮಿ ಒಂದೇ ಗಾತ್ರ, ಸುಮಾರು ಒಂದು ಗೇಣು. ಹಾಲಕ್ಕಿಯ ನೆತ್ತಿ ತುಂಬ ಬಿಳಿ ಚುಕ್ಕೆ. ಫಾರೆಸ್ಟ್ ಔಲೆಟ್‌ನ ನೆತ್ತಿ ಬೂದುಗಂದು, ಚುಕ್ಕೆ ಇದ್ದರೂ ಮಸುಕು. ನಾನು ನೋಡಿದ್ದು ಕೆಳಗಿನಿಂದ, ನೆತ್ತಿಯ ಅಂಚು ಮಾತ್ರ ಕಾಣುತ್ತಿತ್ತು. ಅಲ್ಲಿದ್ದ ಚುಕ್ಕೆಗಳನ್ನೂ ಫ್ಲಾಶ್ ಅಳಿಸಿಹಾಕಿತ್ತು. ಚುಕ್ಕೆ ಇಲ್ಲ, ಹಾಗಾಗಿ ಇದೇ ಅದು ಅಂದುಕೊಂಡೆ. ಹೊಟ್ಟೆ ನೋಡಿದ್ದರೆ ಸಾಕಿತ್ತು: ಹಾಲಕ್ಕಿಗೆ ಎದೆಯ ಕಂದು ಮಚ್ಚೆಗಳು ಹೊಟ್ಟೆವರೆಗೂ ಇಳಿಯುತ್ತವೆ. ಫಾರೆಸ್ಟ್ ಔಲೆಟ್‌ಗೆ ಎದೆ ದಟ್ಟ ಕಂದು, ಹೊಟ್ಟೆಯ ಮಧ್ಯಭಾಗ ಅಚ್ಚ ಬಿಳಿ. ರೆಕ್ಕೆ, ಬಾಲದ ಪಟ್ಟೆಗಳು ಅಗಲ. ಕಾಲು ದಪ್ಪ, ಬಿಳಿ ಪುಕ್ಕ ತುಂಬಿದ್ದು.

ಇದು ಹಗಲು ಬೇಟೆಯಾಡುವ ಗೂಬೆ. ಬೆಳಕು ಹರಿದ ಮೇಲೆ ಒಣ ತೇಗದ ಕಾಡಿನಲ್ಲಿ, ಎಲೆ ಉದುರಿದ ಮರದ ತುದಿಕೊಂಬೆ ನೋಡಿ. ಬಾಲವನ್ನು ಅತ್ತಿತ್ತ ಚಟಚಟ ಬಡಿಯುತ್ತಾ ಕೂತಿರುತ್ತದೆ. ಚಳಿಗಾಲ ಮುಗಿಯುವ ಹೊತ್ತು ಅನುಕೂಲ, ತೇಗ ಬೋಳಾಗಿರುತ್ತದೆ. 1884ರ ನಂತರ ಕಣ್ಮರೆಯಾಗಿದ್ದ ಇದು 1997ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಶಹಾದಾ ಹತ್ತಿರ ಅಮೆರಿಕದ ಪಕ್ಷಿತಜ್ಞೆ ಪಮೇಲಾ ರಾಸ್ಮುಸೆನ್ ತಂಡಕ್ಕೆ ಸಿಕ್ಕಿದ್ದೂ ಹಗಲಲ್ಲೇ. ಮಧ್ಯೆ ಹುಡುಕಿದವರ ದಾರಿ ತಪ್ಪಿಸಿದ್ದು ಬ್ರಿಟಿಷ್ ಹಕ್ಕಿ ಸಂಗ್ರಾಹಕ ಮೈನರ್ಟ್ಸ್‌ಹಾಗೆನ್ ಒಂದು ಸತ್ತ ಹಕ್ಕಿಯ ಮಾದರಿಗೆ ಅಂಟಿಸಿದ ಸುಳ್ಳು ಚೀಟಿ: 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ಸಿಕ್ಕಿದ್ದು ಅಂತ. ಮ್ಯೂಸಿಯಂನಿಂದ ಕದ್ದ ಹಳೇ ಮಾದರಿ ಅದು. ಅದರ ಮುಂದೆ ನನ್ನ ಫೋಟೊ ಏನೂ ಅಲ್ಲ ಬಿಡಿ.

ಕೂಗಿನ ರೆಕಾರ್ಡಿಂಗ್ ಮಾತ್ರ ಹಾಕಬೇಡಿ. ಎದುರಾಳಿ ಬಂದನೆಂದು ಹಕ್ಕಿ ಬೇಟೆ, ಮರಿ ಎರಡನ್ನೂ ಬಿಟ್ಟು ಬರುತ್ತದೆ. ಅಕ್ಟೋಬರ್‌ನಿಂದ ಮೇ ತನಕ ಗೂಡಿನ ಕಾಲ. ಮೊಟ್ಟೆ ಇಡೋಕೆ ಪೊಟರೆ ಬೇಕು, ಪೊಟರೆಗೆ ಹಳೇ ಮರ ಬೇಕು. ಕಡಿಯುವವರು ಮೊದಲು ಕೈ ಹಾಕುವುದು ಅಂಥ ಮರಕ್ಕೇ. 2018ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಐಯುಸಿಎನ್ ಸಂಸ್ಥೆ ಇದನ್ನು 'ತೀವ್ರ ಅಪಾಯ'ದಿಂದ 'ಅಪಾಯ'ಕ್ಕೆ ಇಳಿಸಿತು. ಹೊಸ ಜಾಗಗಳಲ್ಲಿ ಹಕ್ಕಿ ಕಂಡಿತ್ತು, ಅಷ್ಟೇ, ಕಾಡೇನೂ ಹೆಚ್ಚಾಗಿರಲಿಲ್ಲ. ಪೊಟರೆ ಕಂಡರೆ ದೂರದಿಂದ ಬೈನಾಕ್ಯುಲರ್‌ನಲ್ಲಿ ಐದು ನಿಮಿಷ ನೋಡಿ, ಮುಂದೆ ಹೋಗಿ.