ಮಾಡಿ ಕಲಿತರೆ ಪಾಠ ನಿಜವಾಗಿಯೂ ಚೆನ್ನಾಗಿ ತಲೆಗೆ ಹತ್ತುತ್ತದಾ?

ಹತ್ತುತ್ತದೆ. ಆದರೆ ಕೈಗೆ ಕೆಲಸ ಕೊಟ್ಟರಷ್ಟೇ ಸಾಲದು, ತಲೆಗೂ ಕೊಡಬೇಕು.

ಮಕ್ಕಳಿಗೆ ಒಂದು ಬ್ಯಾಟರಿ, ಒಂದು ಪುಟ್ಟ ಬಲ್ಬ್, ಒಂದೇ ಒಂದು ವೈರ್ ಕೊಡಿ. ಹೇಗೆ ಜೋಡಿಸಿದರೆ ಉರಿಯುತ್ತದೆ ಅಂತ ಮೊದಲು ಚಿತ್ರ ಬರೆಸಿ, ಇದು ಮುಖ್ಯ. ಎಷ್ಟೋ ಮಕ್ಕಳು ವೈರನ್ನು ಬ್ಯಾಟರಿಯಿಂದ ಬಲ್ಬಿನ ತಳಕ್ಕೆ ಹಿಡಿದು ಸುಮ್ನೆ ಕಾಯುತ್ತಾರೆ, ಉರಿಯಲ್ಲ. ಆಮೇಲೆ ತಿರುಗಿಸಿ ಮುರುಗಿಸಿ ನೋಡಿ, ಬಲ್ಬಿನ ಬದಿಯ ಲೋಹವನ್ನೂ ಬ್ಯಾಟರಿಯ ಇನ್ನೊಂದು ತುದಿಗೆ ತಾಗಿಸಿದಾಗ ಫಕ್ಕನೆ ಬೆಳಕು ಬಂತು ಅನ್ನಿ, ಕರೆಂಟ್ ಸುತ್ತಿ ವಾಪಸ್ ಬರಬೇಕು ಅನ್ನೋದನ್ನು ಅವರು ಮರೆಯುವುದು ಕಷ್ಟ. ಅಲ್ಲಿಯವರೆಗೆ ನೀವು ಉತ್ತರ ಹೇಳಬೇಡಿ!

ದೊಡ್ಡವರಿಗೂ ಇದೇ. ಕಾಲೇಜಿನ ವಿಜ್ಞಾನ, ಗಣಿತ ತರಗತಿಗಳ 225 ಅಧ್ಯಯನಗಳನ್ನು 2014ರಲ್ಲಿ ಒಟ್ಟಿಗೆ ನೋಡಿದಾಗ, ಬರೀ ಉಪನ್ಯಾಸದಲ್ಲಿ ಸುಮಾರು 34% ಫೇಲ್, ತಾವೇ ತೊಡಗಿ ಕಲಿತಾಗ ಸುಮಾರು 22%.