ಘಟ್ಟ ಹತ್ತಿದ ಸ್ಕೂಟರಿಗೆ ಚಿಕ್ಕ ಜೆಟ್ ಬೇಕೇ?

ಪ್ರಶ್ನೆ: ಮಂಗಳೂರಿನಲ್ಲಿ ಬಹಳ ವರ್ಷ ಓಡಿಸಿದ ಕಾರ್ಬ್ಯುರೇಟರ್ ಸ್ಕೂಟರನ್ನು ಈಚೆಗೆ ಬೆಂಗಳೂರಿಗೆ ತಂದಿದ್ದೇನೆ. ಇಲ್ಲಿ ಮೈಲೇಜ್ ಇಳಿದಿದೆ, ಸ್ಪಾರ್ಕ್ ಪ್ಲಗ್ ಪದೇ ಪದೇ ಕಪ್ಪಾಗುತ್ತಿದೆ. ಎತ್ತರದ ಊರಾದ್ದರಿಂದ ಚಿಕ್ಕ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಬಿಡಿಭಾಗ) ಹಾಕಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. ಮಗಳ ಹೊಸ ಸ್ಕೂಟರಿಗೆ ಈ ತೊಂದರೆಯೇ ಇಲ್ಲ. ಕಾರಣವೇನು?
– ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಮೆಕ್ಯಾನಿಕ್ ಹೇಳಿದ ಕಾರಣ ಸುಳ್ಳಲ್ಲ. ಆದರೂ ಅದೊಂದನ್ನೇ ನಂಬಿ ಜೆಟ್ ಬದಲಿಸಬೇಡಿ.

ಪೆಟ್ರೋಲ್ ಪೂರ್ತಿಯಾಗಿ ಉರಿಯಲು, ತೂಕದ ಲೆಕ್ಕದಲ್ಲಿ, ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ಪಿಸ್ಟನ್ ಕೆಳಗಿಳಿದಾಗ ಒಳನುಗ್ಗುವ ಗಾಳಿಯು ಕಾರ್ಬ್ಯುರೇಟರಿನ ವೆಂಚುರಿ ಎಂಬ ಕಿರಿದಾದ ಭಾಗವನ್ನು ಹಾಯುವಾಗ ಅದರ ವೇಗ ಹೆಚ್ಚಿ ಒತ್ತಡ ಕುಸಿಯುತ್ತದೆ. ಫ್ಲೋಟ್ ಚೇಂಬರಿನಲ್ಲಿ ನಿಂತ ಪೆಟ್ರೋಲಿನ ಮೇಲಾದರೋ ಹೊರಗಿನ ವಾಯುಭಾರವೇ ಇರುವುದರಿಂದ, ಈ ವ್ಯತ್ಯಾಸವು ಪೆಟ್ರೋಲನ್ನು ಜೆಟ್ಟಿನ ಸಣ್ಣ ರಂಧ್ರದ ಮೂಲಕ ಮೇಲೆತ್ತಿ ಗಾಳಿಗೆ ಸಿಂಪಡಿಸುತ್ತದೆ. ಬಂದ ಗಾಳಿಯ ತೂಕವೆಷ್ಟು ಎಂದು ಅಳೆಯುವ ವ್ಯವಸ್ಥೆ ಇದರಲ್ಲಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಇಲ್ಲಿನ ವಾಯುಭಾರ ಕರಾವಳಿಗಿಂತ ಸುಮಾರು ಶೇ 10ರಷ್ಟು ಕಡಿಮೆ. ಎಂಜಿನ್ ಸೇರುವ ಗಾಳಿಯ ತೂಕವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಆದರೆ ಜೆಟ್ಟಿನ ಹರಿವು ಗಾಳಿಯ ಸಾಂದ್ರತೆಯ ವರ್ಗಮೂಲವನ್ನು ಅನುಸರಿಸುವುದರಿಂದ ಪೆಟ್ರೋಲ್ ಆ ಇಳಿಕೆಯ ಅರ್ಧದಷ್ಟು ಮಾತ್ರ ಇಳಿದು, ಮಿಶ್ರಣವು ಸುಮಾರು ಶೇ 5ರಷ್ಟು ‘ರಿಚ್’ ಆಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಾಗುತ್ತದೆ. ಹೀಗೆ ಪೂರ್ತಿ ಉರಿಯದ ಪೆಟ್ರೋಲೇ ಪ್ಲಗ್ಗಿಗೆ ಮಸಿಯಾಗಿ ಕಟ್ಟುತ್ತದೆ.

ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುವ ಸಂಗತಿಯೊಂದಿದೆ. ಎಥೆನಾಲ್ ತನ್ನ ಅಣುವಿನಲ್ಲೇ ಆಮ್ಲಜನಕವನ್ನು ಹೊಂದಿರುವುದರಿಂದ ಅದು ಉರಿಯಲು ಸುಮಾರು 9 ಪಟ್ಟು ಗಾಳಿ ಸಾಕು. ಹಾಗಾಗಿ ಶೇ 20 ಎಥೆನಾಲ್ ಬೆರೆತ ಈಗಿನ ಇಂಧನಕ್ಕೆ ಬೇಕಾಗುವುದು ಸುಮಾರು 13.5 ಪಟ್ಟು ಗಾಳಿ ಮಾತ್ರ. ಬರಿಯ ಪೆಟ್ರೋಲಿಗೆಂದು ಅಳೆದಿಟ್ಟ ಹಳೆಯ ಜೆಟ್ಟಿಗೆ ಈ ಇಂಧನ ಹಾಕಿದಾಗ ಮಿಶ್ರಣ ‘ಲೀನ್’ (ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು) ಕಡೆಗೆ ವಾಲುತ್ತದೆ. ಎತ್ತರದಿಂದ ಹೆಚ್ಚಾದದ್ದು ಇದರಿಂದಲೇ ಸರಿಹೋಗುತ್ತದೆ. ಇದರ ಮೇಲೆ ಚಿಕ್ಕ ಜೆಟ್ಟನ್ನೂ ಹಾಕಿದರೆ ಎಂಜಿನ್ ವಿಪರೀತ ಬಿಸಿಯಾಗುವ, ಆಕ್ಸಿಲರೇಟರ್ ತಿರುಗಿಸಿದೊಡನೆ ಮುಗ್ಗರಿಸುವ ಸಂಭವವೇ ಹೆಚ್ಚು.

ಆದ್ದರಿಂದ ಮೊದಲು ಚೋಕ್ (ತಣ್ಣಗಿನ ಎಂಜಿನ್ ಚಾಲೂ ಮಾಡಲು ಹೆಚ್ಚುವರಿ ಪೆಟ್ರೋಲ್ ಕೊಡುವ ಏರ್ಪಾಡು) ನೋಡಿಸಿ. ಇಲ್ಲಿನ ಚಳಿಗಾಲದ ಬೆಳಗಿನಲ್ಲಿ ಚೋಕ್ ಎಳೆಯುವುದು ಸಹಜ. ಆದರೆ ಲಿವರನ್ನು ಹಿಂದಕ್ಕೆ ತಂದ ಮೇಲೂ ಕೇಬಲ್ ಬಿಗಿದು ಪ್ಲಂಜರ್ (ಆ ಪೆಟ್ರೋಲಿನ ದಾರಿ ಮುಚ್ಚುವ ಕಡ್ಡಿ) ಪೂರ್ತಿ ಕೂರದಿದ್ದರೆ ದಿನವಿಡೀ ಹೆಚ್ಚುವರಿ ಪೆಟ್ರೋಲ್ ಹರಿಯುತ್ತಲೇ ಇರುತ್ತದೆ. ಧೂಳು ಕಟ್ಟಿದ ಏರ್ ಫಿಲ್ಟರ್ ಹಾಗೂ ತುದಿ ಸವೆದ ಫ್ಲೋಟ್ ನೀಡಲ್ (ಫ್ಲೋಟ್ ಚೇಂಬರಿಗೆ ಬರುವ ಪೆಟ್ರೋಲನ್ನು ತಡೆಯುವ ಸೂಜಿ) ಕೂಡ ಇದೇ ಫಲ ಕೊಡುತ್ತವೆ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಓಡಾಟದಲ್ಲಿ ಪ್ಲಗ್ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುವಷ್ಟು ಕಾಯುವುದಿಲ್ಲ ಎಂಬುದನ್ನೂ ಗಮನದಲ್ಲಿಡಿ.

ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮಗಳು 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ ಬಹುತೇಕ ಸ್ಕೂಟರ್‌ಗಳಿಗೆ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ನಿಮ್ಮ ಮಗಳ ಸ್ಕೂಟರ್ ಅಂಥದ್ದಾಗಿದ್ದರೆ, ಅದರ ಕಂಪ್ಯೂಟರ್ ಒಳಬರುವ ಗಾಳಿಯ ಒತ್ತಡ, ಎಂಜಿನ್ನಿನ ಬಿಸಿ ಮತ್ತು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಸೆನ್ಸರ್‌ಗಳಿಂದ ತಿಳಿದು, ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕೆಂಬುದನ್ನು ಪ್ರತಿ ಸಲವೂ ಲೆಕ್ಕಹಾಕುತ್ತದೆ. ಘಟ್ಟ ಹತ್ತಿದರೂ ಇಳಿದರೂ ಸ್ಪ್ಯಾನರ್ ಹಿಡಿಯಬೇಕಿಲ್ಲ.

ನಿಮ್ಮ ಸ್ಕೂಟರಿನ ದೋಷಗಳನ್ನು ಸರಿಪಡಿಸಿದ ಬಳಿಕ ಹೊಸ ಪ್ಲಗ್ ಹಾಕಿಸಿ, ತೆರವಾದ ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿ ಬಿಚ್ಚಿ ನೋಡಿ. ತುದಿ ತಿಳಿಗಂದು ಬಣ್ಣದಲ್ಲಿದ್ದರೆ ಜೆಟ್ ಮುಟ್ಟಬೇಡಿ. ಆಗಲೂ ಮಸಿ ಕಟ್ಟಿದ್ದರೆ ಮಾತ್ರ ಮೆಕ್ಯಾನಿಕ್ ಸಲಹೆಯಂತೆ ಒಂದು ಅಳತೆ ಚಿಕ್ಕದನ್ನು ಹಾಕಿಸಿ ನೋಡಬಹುದು.