ಹಳೆಯ ಅಸ್ಥಿಪಂಜರ ಗೊಂಬೆಗಳಿಂದ ನನ್ನದೇ ಆದ ಫ್ಯಾಂಟಸಿ ಸೇನೆಯನ್ನು ಕಟ್ಟುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಪುಟ್ಟ ಗೊಂಬೆಗಳ ಸೇನೆಗಳನ್ನು ಮೇಜಿನ ಮೇಲೆ ಕಾದಾಡಿಸುವ ವಾರ್‌ಹ್ಯಾಮರ್ ಆಟದ ಟೂಮ್ ಕಿಂಗ್ಸ್ ಪಡೆಗೆ ಸೇರಿದ ಸುಮಾರು ನೂರು ಪ್ಲಾಸ್ಟಿಕ್ ಅಸ್ಥಿಪಂಜರಗಳೂ ನಾಲ್ಕಾರು ಹಳೆಯ ಲೋಹದ ಗೊಂಬೆಗಳೂ ಪರಿಚಿತರೊಬ್ಬರಿಂದ ನಿಮಗೆ ಬಂದಿವೆ. ಪೆಟ್ಟಿಗೆಯ ಮೇಲಿನ ಚಿತ್ರದ ಪಡಿಯಚ್ಚಾಗದೆ ನಿಮ್ಮದೇ ಎನ್ನಿಸುವಂಥ ಸೇನೆಯನ್ನು ಕಟ್ಟುವ ಆಸೆಯಿದೆ; ಆದರೆ ನೀವು ಬಣ್ಣದ ಕೆಲಸ ಕಲಿತವರಲ್ಲ, ಒಳ್ಳೆಯ ಗೊಂಬೆಯನ್ನು ಕತ್ತರಿಸಲು ಕೈ ಏಳುತ್ತಿಲ್ಲ, ಎಲ್ಲಿಂದ ಆರಂಭಿಸಬೇಕೆಂಬುದೂ ತಿಳಿಯುತ್ತಿಲ್ಲ. ಉದ್ಯೋಗದ ಸಲುವಾಗಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಆರು ವರ್ಷ ಇದ್ದಾಗ ನಾನು ಇದೇ ಪಡೆಯನ್ನು ಕಟ್ಟಲು ತೊಡಗಿದೆ, ಈಗ ಮಂಗಳೂರಿನಲ್ಲಿ ಮುಂದುವರಿಸಿದ್ದೇನೆ. ಈ ಆಟವನ್ನು ತಯಾರಿಸುವ ಗೇಮ್ಸ್ ವರ್ಕ್‌ಶಾಪ್, ಇಂಥವೇ ಗೊಂಬೆಗಳನ್ನು ಮಾಡುವ ಮ್ಯಾಂಟಿಕ್, ವಾರ್‌ಲಾರ್ಡ್, ಪೆರ್ರಿ ಸಹೋದರರ ಸಂಸ್ಥೆ ಎಲ್ಲವೂ ಆ ಊರಿನ ಸುತ್ತಮುತ್ತಲೇ ಇರುವುದರಿಂದ, ಗೊಂಬೆಗಳನ್ನು ಸೀಸದಲ್ಲಿ ಎರಕ ಹೊಯ್ಯುತ್ತಿದ್ದ ಕಾಲವನ್ನು ನೆನೆದು ಹವ್ಯಾಸಿಗಳು ಆ ಪ್ರದೇಶವನ್ನು ಸೀಸದ ಪಟ್ಟಿ ಎಂದು ಕರೆಯುತ್ತಾರೆ. ನಾನು ಕೆಳಗೆ ಬರೆಯುವುದರಲ್ಲಿ ಹೆಚ್ಚಿನದು ಅಲ್ಲಿನ ಒಂದು ಕ್ಲಬ್ಬಿನ ಹಿರಿಯರು ಕೈಹಿಡಿದು ತೋರಿಸಿಕೊಟ್ಟದ್ದು.

ಬ್ಲೇಡನ್ನಾಗಲಿ ಕುಂಚವನ್ನಾಗಲಿ ಮುಟ್ಟುವ ಮೊದಲು, ಈ ನೂರು ಜನ ಯಾರು ಎಂಬುದನ್ನು ನಿಶ್ಚಯಿಸಿಕೊಳ್ಳಿ. ಆಟದ ಕಥೆಯಲ್ಲಿ ಇವರು ನೆಹೆಕಾರಾ ಎಂಬ ಮರುಭೂಮಿ ನಾಡಿನವರು. ನಗಾಶ್ ಎಂಬ ಮಾಂತ್ರಿಕನ ಮಹಾಪ್ರಯೋಗದಿಂದಾಗಿ ಅಲ್ಲಿನ ಕೆಮ್ರಿ ನಗರದ ಮೊದಲ ರಾಜ ಸೆಟ್ರನೂ ಅವನ ನಂತರದ ರಾಜರೂ ತಮ್ಮ ತಮ್ಮ ಸೈನ್ಯಗಳೊಡನೆ ಸಮಾಧಿಗಳಿಂದ ಎಚ್ಚೆತ್ತು ಬಂದವರು. ಈ ಪಡೆಗೆ ಪ್ರತ್ಯೇಕವಾದ ನಿಯಮಪುಸ್ತಕ ಬಂದದ್ದು 2003ರಲ್ಲಿ. 2015ರಲ್ಲಿ ಹಳೆಯ ಆಟದ ಜಾಗಕ್ಕೆ ಏಜ್ ಆಫ್ ಸಿಗ್ಮಾರ್ ಎಂಬ ಹೊಸ ಆಟ ಬಂದ ಮೇಲೆ ಕೆಲವು ವರ್ಷ ಈ ಗೊಂಬೆಗಳು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. 2024ರ ಜನವರಿಯಲ್ಲಿ ದಿ ಓಲ್ಡ್ ವರ್ಲ್ಡ್ ಎಂಬ ಹೆಸರಿನಲ್ಲಿ ಆ ಆಟ ಮರಳಿದಾಗ ಬ್ರೆಟೋನಿಯಾ ಎಂಬ ಇನ್ನೊಂದು ಪಡೆಯ ಜೊತೆಗೆ ಮೊದಲು ಬಂದ ಪಡೆ ಇದೇ. ಕಥೆಯ ಬೇರು ಪ್ರಾಚೀನ ಈಜಿಪ್ಟಿನಲ್ಲಿರುವುದನ್ನು ಯಾರಾದರೂ ಗುರುತಿಸಬಲ್ಲರು. ನನ್ನ ಸೇನೆಗೆ ರೂಪ ಸಿಕ್ಕಿದ್ದೂ ಆ ಬೇರನ್ನು ಹುಡುಕಿಕೊಂಡು ಹೋದಾಗಲೇ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಶಾಬ್ತಿ ಎಂಬ ಪುಟ್ಟ ಗೊಂಬೆಗಳ ದೊಡ್ಡ ಸಂಗ್ರಹವಿದೆ. ಸತ್ತವನ ಜೊತೆ ಸಮಾಧಿಯಲ್ಲಿಡುತ್ತಿದ್ದ ಈ ಗೊಂಬೆಗಳ ಕೆಲಸ, ಪರಲೋಕದಲ್ಲಿ ಯಜಮಾನನನ್ನು ಹೊಲದ ದುಡಿಮೆಗೆ ಕರೆದಾಗ ಅವನ ಬದಲಿಗೆ ಇದ್ದೇನೆ ಎಂದು ಓಗೊಡುವುದು. ಅದನ್ನು ಹೇಳುವ ಮಂತ್ರವನ್ನು ಅನೇಕ ಗೊಂಬೆಗಳ ಮೈಮೇಲೆಯೇ ಬರೆದಿರುತ್ತಾರೆ. ಈಜಿಪ್ಟಿನ ಅರಸ ಮೊದಲನೆಯ ಸೇತಿಯ ಸಮಾಧಿಯನ್ನು ಅನ್ವೇಷಕ ಬೆಲ್ಜೋನಿ 1817ರಲ್ಲಿ ತೆರೆದಾಗ ಇಂಥವು ನೂರಾರು ಸಿಕ್ಕವು. ಅವುಗಳಲ್ಲಿ ಫಯಾನ್ಸ್ ಎಂಬ ಹೊಳಪಿನ ವಸ್ತುವಿನಿಂದ ಮಾಡಿದ ಗಾಢ ನೀಲಿಯ ಒಂದು ಗೊಂಬೆಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ನಂತರದ ಕಾಲದಲ್ಲಿ ಪೂರ್ಣ ಜೋಡಣೆಯೆಂದರೆ 401 ಗೊಂಬೆಗಳು: ವರ್ಷದ ದಿನಕ್ಕೊಬ್ಬರಂತೆ 365 ಆಳುಗಳು, ಸುಮಾರು ಹತ್ತು ಆಳಿಗೆ ಒಬ್ಬನಂತೆ 36 ಮೇಸ್ತ್ರಿಗಳು. ಆಳುಗಳು ಮಮ್ಮಿಯಂತೆ ಸುತ್ತಿಕೊಂಡಿರುತ್ತಾರೆ, ಮೇಸ್ತ್ರಿಯೋ ಬದುಕಿರುವವರ ಹಾಗೆ ಸೊಂಟವಸ್ತ್ರ ಉಟ್ಟು ಕೈಯಲ್ಲಿ ಚಾಟಿ ಹಿಡಿದಿರುತ್ತಾನೆ. ಆಟದಲ್ಲಿ ಉಶಬ್ತಿ ಎಂಬ ಹೆಸರನ್ನು ಆಳೆತ್ತರಕ್ಕಿಂತಲೂ ದೊಡ್ಡದಾದ ಯುದ್ಧಪ್ರತಿಮೆಗಳಿಗೆ ಕೊಟ್ಟಿದ್ದಾರೆ. ಮೂಲದಲ್ಲಿ ಅದು ಅಂಗೈಯಲ್ಲಿ ಹಿಡಿಯುವಂಥ ಗೊಂಬೆಯ ಹೆಸರು ಎಂಬುದು ನನಗೆ ಬಹಳ ಹಿಡಿಸಿತು, ಏಕೆಂದರೆ ನಮ್ಮ ಕೈಯಲ್ಲಿರುವುದೂ ಅಂಥದ್ದೇ.

ಅಲ್ಲಿಂದ ಮೂರು ನಿರ್ಧಾರಗಳು ತಾವಾಗಿಯೇ ಹುಟ್ಟಿದವು. ಪ್ರತಿ ಹತ್ತು ಸೈನಿಕರಲ್ಲಿ ಒಬ್ಬ ಚಾಟಿ ಹಿಡಿದ ಮೇಸ್ತ್ರಿ. ಉಳಿದ ಒಂಬತ್ತು ತಲೆಗಳೂ ಕರೆ ಕೇಳಿದವರಂತೆ ಒಂದೇ ಕಡೆಗೆ ಸ್ವಲ್ಪ ಹೊರಳಿರಬೇಕು. ಪ್ರತಿ ಗುರಾಣಿಯೂ ಫಯಾನ್ಸ್‌ನ ನೀಲಿ, ಅದರ ನಡುವೆ ಮೇಲಿನಿಂದ ಕೆಳಕ್ಕೆ ದಂತವರ್ಣದ ಒಂದು ಪಟ್ಟಿ, ಆ ಪಟ್ಟಿಯಲ್ಲಿ ಶಾಬ್ತಿಯ ಬರಹವನ್ನು ಹೋಲುವ ಸಣ್ಣ ಕಪ್ಪು ಗೀಟುಗಳು. ನಿಮ್ಮ ನಿರ್ಧಾರಗಳು ಬೇರೆಯಾಗಬಹುದು, ಆಗಲೇಬೇಕು. ಆದರೆ ಮೂರಕ್ಕಿಂತ ಹೆಚ್ಚು ಬೇಡ, ಮತ್ತು ಒಂದನ್ನೂ ನಡುವೆ ಬಿಡಬೇಡಿ. ಆಟದ ಮೇಜಿನ ಮೇಲಿನ ಸೇನೆಯನ್ನು ನಾವು ನೋಡುವುದು ಮೂರು ಅಡಿ ದೂರದಿಂದ. ಆ ದೂರದಲ್ಲಿ ಒಂದೊಂದು ಗೊಂಬೆಯ ನಾಜೂಕು ಕಾಣುವುದಿಲ್ಲ. ನೂರು ಸಲ ಮರುಕಳಿಸಿದ್ದು ಮಾತ್ರ ಕಾಣುತ್ತದೆ. ಬಣ್ಣ ಹಾಕುವ ಕೈ ಇನ್ನೂ ಪಳಗದಿರುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಕತ್ತರಿಸುವ ಭಯಕ್ಕೂ ಉತ್ತರ ಇದರಲ್ಲೇ ಇದೆ. ನೂರರಲ್ಲಿ ನೀವು ನಿಜವಾಗಿ ಮಾರ್ಪಡಿಸಬೇಕಾದದ್ದು ಹತ್ತು ಗೊಂಬೆಗಳನ್ನು ಮಾತ್ರ. ಉಳಿದ ತೊಂಬತ್ತಕ್ಕೆ ತಲೆಯನ್ನು ಅಂಟಿಸುವಾಗ ಒಂದಿಷ್ಟು ಹೊರಳಿಸಿದರೆ ಸಾಕು. ಮೇಸ್ತ್ರಿಯ ಚಾಟಿಗೆ ಕೆಟ್ಟುಹೋದ ಚಾರ್ಜರ್ ವೈರಿನೊಳಗಿನ ತಾಮ್ರದ ಎಳೆಗಳು ಸಾಲುತ್ತವೆ: ಎರಡು ಎಳೆಗಳನ್ನು ಹೊಸೆದು, ಈಟಿಯನ್ನು ಮುಷ್ಟಿಯ ಮೇಲೆ ಮತ್ತು ಕೆಳಗೆ ಕತ್ತರಿಸಿ ತೆಗೆದ ನಂತರ, ಆ ಮುಷ್ಟಿಗೆ ಸಣ್ಣ ಕೈಡ್ರಿಲ್ಲಿನಿಂದ ತೂತು ಕೊರೆದು ಸೇರಿಸಿ. ಸೊಂಟವಸ್ತ್ರಕ್ಕೆ ಗ್ರೀನ್ ಸ್ಟಫ್ ಎಂಬ ಎಪಾಕ್ಸಿ ಪುಟ್ಟಿ ಬೇಕು. ನೀಲಿ ಮತ್ತು ಹಳದಿ ಪಟ್ಟಿಗಳು ಒಂದಕ್ಕೊಂದು ತಾಗಿರುವ ನಡುಭಾಗ ಮೊದಲೇ ಗಟ್ಟಿಯಾಗಿರುವುದರಿಂದ ಅದನ್ನು ಕತ್ತರಿಸಿ ಎಸೆದು ಉಳಿದದ್ದನ್ನು ನಾದಿಕೊಳ್ಳಿ, ಉಪಕರಣವನ್ನು ಸದಾ ಒದ್ದೆಯಾಗಿಡಿ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಎಂ-ಸೀಲ್ ಸಹ ಎಪಾಕ್ಸಿಯೇ. ಅದು ಒಣಗಿದ ಮೇಲೆ ಕಲ್ಲಿನಂತಾಗುವುದರಿಂದ ಬಂಡೆ, ಮುರಿದ ಕಂಬ, ಸಮಾಧಿಯ ಮೆಟ್ಟಿಲುಗಳಿಗೆ ಬಹಳ ಚೆನ್ನಾಗಿ ಒಗ್ಗುತ್ತದೆ. ಬಟ್ಟೆಯ ನೆರಿಗೆಗೆ ಬೇಕಾದ ಜಿಗುಟು ಅದರಲ್ಲಿಲ್ಲ. ಎರಡನ್ನೂ ಕೈಗವಸು ಹಾಕಿಕೊಂಡೇ ಮುಟ್ಟಿ.

ಅಂಟಿನ ವಿಷಯದಲ್ಲಿ ಒಂದು ಸ್ಪಷ್ಟತೆ ಇರಲಿ. ಈ ಪ್ಲಾಸ್ಟಿಕ್ ಪಾಲಿಸ್ಟೈರೀನ್ ಆಗಿದ್ದು, ಅದಕ್ಕೆಂದೇ ಇರುವ ಪ್ಲಾಸ್ಟಿಕ್ ಸಿಮೆಂಟ್ ಎರಡೂ ಅಂಚುಗಳನ್ನು ಕರಗಿಸಿ ಒಂದಾಗಿ ಬೆಸೆಯುತ್ತದೆ. ಫೆವಿಕ್ವಿಕ್‌ನಂಥ ಅಂಟು ಮೇಲ್ಮೈಯನ್ನು ಹಿಡಿದುಕೊಳ್ಳುತ್ತದೆಯಷ್ಟೇ, ಕೆಳಗೆ ಬಿದ್ದರೆ ಅಲ್ಲೇ ಬಿಟ್ಟುಕೊಳ್ಳುತ್ತದೆ. ಲೋಹದ ಗೊಂಬೆಗಳಿಗೆ ಮಾತ್ರ ಎರಡನೆಯದು ಬೇಕು, ಭಾರದ ಕೈಕಾಲುಗಳಿದ್ದರೆ ಒಳಗೆ ಪೇಪರ್ ಕ್ಲಿಪ್ಪಿನ ತುಂಡೊಂದನ್ನು ಮೊಳೆಯಂತೆ ಕೂರಿಸಬೇಕು. ಆ ಹಳೆಯ ಗೊಂಬೆಗಳ ಲೋಹದಲ್ಲಿ ಸೀಸವಿರುವ ಸಂಭವವಿದೆ. ಅವನ್ನು ಒಣಗಿದಂತೆಯೇ ಅರದಿಂದ ಉಜ್ಜಬೇಡಿ, ಕೆಲಸವಾದ ಮೇಲೆ ಕೈಯನ್ನೂ ಮೇಜನ್ನೂ ತೊಳೆಯಿರಿ, ಮನೆಯಲ್ಲಿ ಮಕ್ಕಳಿದ್ದರೆ ಬೀಗದೊಳಗಿಡಿ.

ಇನ್ನು ಸಾಲುಗಳ ವಿಷಯ. ನನ್ನ ಮೊದಲ ಇಪ್ಪತ್ತು ಈಟಿಗಾರರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ, ಪ್ರತಿಯೊಬ್ಬನಿಗೂ ಚೆಂದದ ಭಂಗಿ ಕೊಟ್ಟು ಜೋಡಿಸಿದೆ. ಬಣ್ಣವೂ ಮುಗಿದ ಮೇಲೆ ಸಾಲಿನಲ್ಲಿ ನಿಲ್ಲಿಸಲು ಹೋದರೆ ಹಿಂದಿನವನ ಈಟಿ ಮುಂದಿನವನ ಬೆನ್ನುಮೂಳೆಗೆ ತಾಗಿ, ಒಬ್ಬನೂ ಇನ್ನೊಬ್ಬನ ಪಕ್ಕ ನಿಲ್ಲಲಿಲ್ಲ. ಹನ್ನೊಂದು ಗೊಂಬೆಗಳ ಕೈಗಳನ್ನು ಮುರಿದು ಮತ್ತೆ ಅಂಟಿಸಬೇಕಾಯಿತು. ಆದ್ದರಿಂದ ಅಂಟು ಒಣಗುವ ಮೊದಲೇ ಐದೈದರ ಸಾಲುಗಳಲ್ಲಿ ನಿಲ್ಲಿಸಿ ನೋಡಿ, ಸರಿಹೊಂದಿದ ಕೂಡಲೇ ಪ್ರತಿ ಬೇಸಿನ, ಅಂದರೆ ಗೊಂಬೆ ನಿಲ್ಲುವ ಪೀಠದ, ಅಡಿಯಲ್ಲಿ ಸಾಲಿನ ಮತ್ತು ಸ್ಥಾನದ ಸಂಖ್ಯೆಯನ್ನು ಬರೆಯಿರಿ. ನಿಮ್ಮ ಹಳೆಯ ಗೊಂಬೆಗಳ ಬೇಸುಗಳು 20 ಮಿ.ಮೀ. ಚೌಕಗಳಾಗಿರುವುದೇ ಹೆಚ್ಚು, ದಿ ಓಲ್ಡ್ ವರ್ಲ್ಡ್‌ನಲ್ಲಿ ಇದೇ ಸೈನಿಕರಿಗೆ 25 ಮಿ.ಮೀ. ಚೌಕ ಬೇಕು. ಹೊಸ ಬೇಸಿಗೆ ಕೀಳಬಹುದು, ಇಲ್ಲವೇ 25 ಮಿ.ಮೀ. ಅಂತರದಲ್ಲಿ ಗುಳಿಗಳಿರುವ ತಟ್ಟೆಯಲ್ಲಿ ಹಳೆಯವನ್ನೇ ಕೂರಿಸಬಹುದು. ಐದು ಜನರ ನಾಲ್ಕು ಸಾಲಿನ ದಳ ಆಗ 125 ಮಿ.ಮೀ. ಅಗಲ, 100 ಮಿ.ಮೀ. ಆಳವಾಗುತ್ತದೆ. ಗೊಂಬೆಗಳ ನಡುವೆ ಸಿಗುವ ಆ ಐದು ಮಿಲಿಮೀಟರು ಮಾರ್ಪಾಡು ಮಾಡುವವರಿಗೆ ದೊಡ್ಡ ವರವೇ ಸರಿ.

ಯಾವ ಆಟ ಆಡುತ್ತೀರಿ ಎಂಬುದೂ ಇಲ್ಲಿ ಮುಖ್ಯವಾಗುತ್ತದೆ. ದಿ ಓಲ್ಡ್ ವರ್ಲ್ಡ್‌ನಲ್ಲಿ ಸತ್ತ ಸೈನಿಕರನ್ನು ಒಬ್ಬೊಬ್ಬರನ್ನಾಗಿ ತೆಗೆಯುತ್ತಾ ಹೋಗಬೇಕು, ಹಾಗಾಗಿ ಗೊಂಬೆಗಳು ಬಿಡಿಬಿಡಿಯಾಗಿರಬೇಕು. ಮ್ಯಾಂಟಿಕ್‌ನ ಕಿಂಗ್ಸ್ ಆಫ್ ವಾರ್‌ನಲ್ಲಿ ದಳವೆಲ್ಲ ಒಂದೇ ಘಟಕ, ಬಿಡಿ ಗೊಂಬೆಯನ್ನು ತೆಗೆಯುವ ಪ್ರಸಂಗವೇ ಬರುವುದಿಲ್ಲ. ಮರಳಿನಿಂದ ಅರ್ಧ ಎದ್ದ ಸೈನಿಕರನ್ನೂ ಬಿರುಕು ಬಿಟ್ಟ ಸಮಾಧಿಯನ್ನೂ ಒಂದೇ ಹಲಗೆಯ ಮೇಲೆ ದೃಶ್ಯವಾಗಿ ಕಟ್ಟಬಹುದು. ಎರಡೂ ಬೇಕೆನ್ನುವವರು ದಳದ ಹಿಂಭಾಗದಲ್ಲಿ ನಾಲ್ವರ ಜಾಗಕ್ಕೆ 50 ಮಿ.ಮೀ. ಚೌಕದ ಒಂದು ದೃಶ್ಯವನ್ನು ಇಡುತ್ತಾರೆ. ನಾನು ಹಾಗೆಯೇ ಮಾಡಿದ್ದೇನೆ. ಅದರಿಂದ ಗೊಂಬೆಗಳೂ ಉಳಿಯುತ್ತವೆ, ಕಥೆಗೂ ಸ್ಥಳ ಸಿಗುತ್ತದೆ; ಪಂದ್ಯಕ್ಕೆ ಮೊದಲು ಎದುರಾಳಿಯ ಒಪ್ಪಿಗೆ ಕೇಳುವುದು ಸೌಜನ್ಯ.

ಬಣ್ಣಕ್ಕೆ ಮೊದಲು, ಅಚ್ಚಿನ ಎರಡು ಭಾಗಗಳು ಕೂಡುವಲ್ಲಿ ಉಳಿದ ಗೆರೆಗಳನ್ನು ಬ್ಲೇಡಿನ ಹಿಂಬದಿಯಿಂದ ಕೆರೆದು ತೆಗೆಯಿರಿ. ಇದು ಬೇಸರದ ಕೆಲಸ, ಆದರೆ ತಲೆಬುರುಡೆಗಳ ಮೇಲಿನ ಗೆರೆಯನ್ನು ಬಿಟ್ಟರೆ ಮುಂದೆ ಪ್ರತಿ ಹಂತದಲ್ಲೂ ಅದು ಎದ್ದು ಕಾಣುತ್ತದೆ. ಆಮೇಲಿನದು ಪ್ರೈಮರ್, ಅಂದರೆ ಬಣ್ಣ ಹಿಡಿದು ನಿಲ್ಲಲೆಂದು ಮೊದಲು ಹಚ್ಚುವ ಲೇಪ. ಜುಲೈ ತಿಂಗಳ ಮಳೆಯಲ್ಲಿ ಮಂಗಳೂರಿನ ಮನೆಯ ಹೊರಜಗಲಿಯಲ್ಲಿ ಸ್ಪ್ರೇ ಮಾಡಿ ನಾನು ಹದಿನೈದು ಗೊಂಬೆಗಳನ್ನು ಹಾಳುಮಾಡಿಕೊಂಡೆ: ಗಾಳಿಯ ತೇವಕ್ಕೆ ಬಣ್ಣ ನಯವಾಗಿ ಕೂರದೆ ಪುಡಿಪುಡಿಯಾಗಿ ಮಂಜು ಕವಿದಂತಾಯಿತು. ಸ್ಪ್ರೇ ಡಬ್ಬಿಗಳನ್ನು ವಿಮಾನದಲ್ಲಿ ತರುವಂತೆಯೂ ಇಲ್ಲ. ನಮ್ಮ ಹವೆಗೆ ಕುಂಚದಿಂದ ಹಚ್ಚುವ ಪ್ರೈಮರ್ ಕ್ಷೇಮ. ವ್ಯಾಯೆಹೋ ಕಂಪನಿಯದು ನನಗೆ ಒಗ್ಗಿದೆ. ತೆಳುವಾಗಿ ಎರಡು ಸಲ ಹಚ್ಚಿ, ಒಂದು ರಾತ್ರಿ ಹಾಗೆಯೇ ಬಿಡಿ. ಮೂಳೆಗಳಿಗೆ ದಂತವರ್ಣದ ಪ್ರೈಮರನ್ನೇ ಆರಿಸಿಕೊಂಡರೆ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಹತ್ತು ಗೊಂಬೆಗಳನ್ನು ಒಟ್ಟಿಗೆ ತೆಗೆದುಕೊಳ್ಳಿ, ಇಪ್ಪತ್ತನ್ನು ಬೇಡ. ಹತ್ತಕ್ಕೆ ನನಗೆ ಮೂರು ಸಂಜೆಗಳು ಬೇಕಾಗುತ್ತವೆ. ಇಪ್ಪತ್ತನ್ನು ಹಿಡಿದಾಗಲೆಲ್ಲ ಉತ್ಸಾಹ ನಡುವೆಯೇ ಬತ್ತಿದೆ. ಮೊದಲ ಸಂಜೆ ಮೂಳೆ: ದಂತವರ್ಣದ ಮೇಲೆ ವಾಶ್ ಎಂಬ ನೀರಾದ ಕಂದು ಬಣ್ಣ ಹರಿಯಬಿಟ್ಟರೆ ಪಕ್ಕೆಲುಬುಗಳ ಸಂದುಗಳಲ್ಲಿ ಅದು ತಾನಾಗಿ ನಿಲ್ಲುತ್ತದೆ. ಪೂರ್ತಿ ಒಣಗಿದ ಮೇಲೆ ಬಣ್ಣವನ್ನೆಲ್ಲ ಒರೆಸಿದಂತಿರುವ ಒಣಕುಂಚದಿಂದ ಬಿಳಿಗೆ ಹತ್ತಿರದ ಬಣ್ಣವನ್ನು ಮೇಲುಮೇಲೆ ಸವರಿ. 2019ರಲ್ಲಿ ಬಂದ ಗೇಮ್ಸ್ ವರ್ಕ್‌ಶಾಪ್‌ನ ಕಾಂಟ್ರಾಸ್ಟ್ ಬಣ್ಣಗಳು ಇವೆರಡನ್ನೂ ಒಂದೇ ಲೇಪದಲ್ಲಿ ಮಾಡುತ್ತವೆ, ಆದರೆ ಸಮತಲವಾದ ಗುರಾಣಿಯ ಮೇಲೆ ಕಲೆಕಲೆಯಾಗಿ ಒಣಗುತ್ತವೆ. ಅವನ್ನು ಮೂಳೆಗಷ್ಟೇ ಬಳಸಿ. ಎರಡನೆಯ ಸಂಜೆ ಆಯುಧಗಳ ಕಂಚು. ಖೋಪೆಶ್ ಎಂಬ ಬಾಗುಕತ್ತಿ ಕಂಚಿನ ಯುಗದ್ದಾದ್ದರಿಂದ ಉಕ್ಕಿನ ಬಣ್ಣ ಅದಕ್ಕೆ ಹೊಂದುವುದಿಲ್ಲ. ಹಿಡಿಯ ಬಳಿ ಮತ್ತು ಸಂದುಗಳಲ್ಲಿ ನೀರಾಗಿಸಿದ ಹಸಿರುನೀಲಿಯನ್ನು ಬಿಟ್ಟರೆ ಹಳೆಯ ಪಾತ್ರೆಗೆ ಕಟ್ಟುವ ಕಿಲುಬಿನಂತೆಯೇ ಕಾಣುತ್ತದೆ. ಫಯಾನ್ಸ್‌ನ ನೀಲಿ ಬಂದದ್ದೂ ತಾಮ್ರದಿಂದಲೇ. ಗುರಾಣಿಯೂ ಕಿಲುಬೂ ಒಂದೇ ಕುಲದ ಬಣ್ಣವಾಗಿ ಮೂಳೆಯ ಬೆಚ್ಚನೆಯ ಬಿಳುಪಿನೊಡನೆ ಕೂಡಿಕೊಳ್ಳುವುದನ್ನು ನೋಡುವುದೇ ಈ ಕೆಲಸದ ದೊಡ್ಡ ಸುಖ. ಮೂರನೆಯ ಸಂಜೆ ಗುರಾಣಿಗಳು. ಇವನ್ನು ಗೊಂಬೆಗೆ ಅಂಟಿಸದೆ ಬೇರೆಯಾಗಿಯೇ ಬಣ್ಣಿಸಿ, ಬರಹದ ಗೀಟುಗಳಿಗೆ 0.1 ಮಿ.ಮೀ.ನಷ್ಟು ಸಣ್ಣ ಮೊನೆಯ ಚಿತ್ರಕಾರರ ಪೆನ್ನನ್ನು ಬಳಸಿ. ಅಕ್ಷರ ಬರೆಯಲು ಹೋಗದೆ ಅಳತೆ ತಪ್ಪಿದ ಅಡ್ಡಗೀಟುಗಳನ್ನು ಎಳೆದರೆ ದೂರದಿಂದ ಬರಹದಂತೆಯೇ ತೋರುತ್ತದೆ.

ಬಣ್ಣ ಸದಾ ಹಾಲಿನಷ್ಟು ತೆಳುವಾಗಿರಲಿ. ಮುಚ್ಚಳವಿರುವ ಟಿಫಿನ್ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕಿಂಗಿಗೆ ಬಳಸುವ ಬಟರ್ ಪೇಪರ್ ಹಾಸಿದರೆ ನಮ್ಮ ಬೇಸಿಗೆಯಲ್ಲೂ ಬಣ್ಣ ಗಂಟೆಗಟ್ಟಲೆ ಒಣಗುವುದಿಲ್ಲ.

ಬೇಸುಗಳಿಗೆ ನಾನು ಪಣಂಬೂರಿನ ಕಡಲತೀರದ ಒಂದು ಹಿಡಿ ಮರಳನ್ನು ಮೂರು ನೀರಿನಲ್ಲಿ ತೊಳೆದು, ಒಣಗಿಸಿ, ಚಹಾದ ಜರಡಿಯಲ್ಲಿ ಜರಡಿ ಹಿಡಿದು, ಫೆವಿಕಾಲ್‌ನಿಂದ ಅಂಟಿಸಿದ್ದೇನೆ. ತೊಳೆಯದಿದ್ದರೆ ಉಳಿದ ಉಪ್ಪು ತೇವವನ್ನು ಎಳೆದುಕೊಂಡು ಬಣ್ಣವನ್ನು ಎಬ್ಬಿಸುತ್ತದೆ. ಮರಳಿನ ಸಹಜ ಬಣ್ಣವನ್ನು ಹಾಗೆಯೇ ಬಿಡಬೇಡಿ. ಮೂಳೆಗಿಂತ ಒಂದೆರಡು ಛಾಯೆ ಗಾಢವಾದ, ಕೆಂಪು ಬೆರೆತ ಕಂದು ಹಚ್ಚಿದರೆ ಬಿಳಿಯ ಕಾಲುಗಳು ನೆಲದಿಂದ ಬೇರೆಯಾಗಿ ಕಾಣುತ್ತವೆ. ಕೊನೆಗೆ ಹೊಳಪಿಲ್ಲದ ವಾರ್ನಿಶ್, ಗುರಾಣಿಯ ನೀಲಿಗೆ ಮಾತ್ರ ಮೇಲಿನಿಂದ ಒಂದು ತೊಟ್ಟು ಹೊಳೆಯುವ ವಾರ್ನಿಶ್.

ರಾಜನನ್ನು ಎಲ್ಲರಿಗಿಂತ ಕೊನೆಗೆ ಬಣ್ಣಿಸಿ. ಲೋಹದ ಗೊಂಬೆಗಳಲ್ಲಿ ಅವನಿದ್ದರೆ ಹಳೆಯ ಬಣ್ಣವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ, ಹಳೆಯ ಟೂತ್‌ಬ್ರಶ್ಶಿನಿಂದ ತಿಕ್ಕಿ ತೆಗೆದು ಈಗಲೇ ಎತ್ತಿಡಿ. ತೊಂಬತ್ತೊಂಬತ್ತು ಮುಗಿಯುವ ಹೊತ್ತಿಗೆ ನಿಮ್ಮ ಕೈ ಈಗಿನಂತಿರುವುದಿಲ್ಲ, ಅವನ ಮುಖದ ಬಿರುಕುಗಳಿಗೆ ಬೇಕಾದುದು ಆ ಕೈ. ಅಲ್ಲಿಯವರೆಗೆ ಮೊದಲ ಸಾಲಿನ ನಡುವೆ ಅವನ ಬೇಸನ್ನಷ್ಟೇ ಮರಳು ಹಚ್ಚಿ ಇಟ್ಟಿರಿ. ಮಾಡಿಟ್ಟ ಸಾಲುಗಳ ಅಳತೆಯೂ ತಪ್ಪುವುದಿಲ್ಲ.